ಮಾತು ಬಿಟ್ಟ ಸೊಸೆ

ನನ್ನ ಬಾಯಿ ಸ್ವಲ್ಪ ಜೋರು. ಸಹಕಾರನಗರದ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನೂ ನಮ್ಮ ಗೇಟಿನ ಮುಂದೆ ದನಿ ತಗ್ಗಿಸುತ್ತಾನೆ. ಅಂಥವಳು ಧ್ಯಾನ ಶಿಬಿರಕ್ಕೆ ಹೋಗಿ, ಬಾಯಿ ಮುಚ್ಚಿಕೊಂಡು ಕೂತು, ಹಗುರಾಗಿ ಮನೆಗೆ ಬಂದೆ. ಆ ನೆಮ್ಮದಿ ಎಲ್ಲಿ ಜಾರಿಹೋಗುತ್ತದೋ ಎಂಬ ಭಯಕ್ಕೆ, ಬೆಳಿಗ್ಗೆ ಎದ್ದಾಗಿನಿಂದ ಕೆಲಸಕ್ಕೆ ಹೊರಡುವವರೆಗೆ ಮೌನ ಎಂದು ನಿರ್ಧರಿಸಿದೆ.

"ರಾತ್ರಿ ತನಕಾನೂ ಮಾಡೇ, ಇನ್ನೂ ಒಳ್ಳೇದು," ಎಂದು ನಕ್ಕ ಗಂಡ ನಿರಂಜನ್. ಅತ್ತೆ ಪಟಾಲಮ್ಮನಿಗೆ ಅವನು ಹೇಳಿರುತ್ತಾನೆಂದು ನಾನು, ನಾನು ಹೇಳಿರುತ್ತೇನೆಂದು ಅವನು ಅಂದುಕೊಂಡು, ಇಬ್ಬರೂ ಹೇಳಲೇ ಇಲ್ಲ. ಆರ್.ಟಿ. ನಗರದ ಬಟ್ಟೆ ಅಂಗಡಿಯಿಂದ ನಾನು ಬರುವಷ್ಟರಲ್ಲಿ ಅತ್ತೆ ಮಲಗಿರುತ್ತಾರೆ. ನಮ್ಮ ಮಾತುಕತೆಗೆ ಬೆಳಗೊಂದೇ ಹೊತ್ತು.

"ಇಂದೂ, ಉಪ್ಪಿಟ್ಗೆ ಉಪ್ ಸಾಕಾ ನೋಡವ್ವ," ಎಂದರು ಅತ್ತೆ. ತಲೆಯಾಡಿಸಿ ನಕ್ಕೆ. ಮರುದಿನ ನನ್ನ ಮುಖವನ್ನೇ ನೋಡುತ್ತಾ ಬೇಕೆಂದೇ ಹಾಲು ಉಕ್ಕಿಸಿದರು. ಒರೆಸಿ ನಕ್ಕೆ. ಅಬ್ಬಾ, ಎಷ್ಟು ಸುಧಾರಿಸಿದ್ದೇನೆ ಎಂದು ನನಗೇ ಹೆಮ್ಮೆ!

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟರೆ, ಅತ್ತೆ ಸೀರೆಗಳನ್ನೆಲ್ಲ ಬ್ಯಾಗಿಗೆ ತುಂಬಿ ಬಾಗಿಲಲ್ಲಿ ನಿಂತಿದ್ದಾರೆ. ಬಾಗಲೂರಿನ ಮಗಳ ಮನೆಗೆ ಹೊರಟಿದ್ದರು.

"ಏನ್ ತಪ್ ಮಾಡ್ದೆ ಅಂತ ನನ್ ಜೊತೆ ಮಾತ್ ಬಿಟ್ಟೆ? ನನ್ ತಂಗೀನೂ ಇಂಗೇ ಮಾತ್ ಬಿಟ್ಲು, ಸಾಯೋ ಗಂಟ ಮಾತಾಡ್ಲಿಲ್ಲ. ಇನ್ನೊಂದ್ ಸಲ ತಡ್ಕಣಕ್ಕಾಗಲ್ಲ ಕಣವ್ವ."

ಮೌನವೆಲ್ಲ ಮರೆತು ಹಾಸಿಗೆಯಿಂದ ಜಿಗಿದೆದ್ದೆ.

"ಅಲ್ಲಾ ಅತ್ತೆ, ನಿಮ್ಗೇನ್ ತಲೆ ಕೆಟ್ಟಿದ್ಯಾ? ಆ ಮಂಡಿನೋವು ಇಟ್ಕೊಂಡು ಇಷ್ಟ್ ದೊಡ್ ಬ್ಯಾಗ್ ಎತ್ತೋದಾ? ಇಡ್ರೀ ಕೆಳಗೆ! ನೀವ್ ಹೋದ್ರೆ ನನ್ಗ್ಯಾರಿದಾರೆ ಇಲ್ಲಿ?" ಬೀದಿಯ ಕೊನೆಗೂ ಕೇಳಿಸಿರಬೇಕು.

ಅತ್ತೆ ಬ್ಯಾಗು ಇಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಸದ್ಯ, ಬೈದ್ಯಲ್ಲ!" ಎಂದು ನಗತೊಡಗಿದರು.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ಇದು ಮುನಿಸಲ್ಲ, ಮೌನ. ಸುಮ್ಮನೆ ಕೂತು ಉಸಿರನ್ನು ಗಮನಿಸುವುದು, ಅಷ್ಟೇ.

ಅತ್ತೆ ಯೋಚಿಸಿದರು. "ಗಮನಿಸ್ಕೋ, ಯಾರ್ ಬ್ಯಾಡ ಅಂದ್ರು? ಉಸ್ರು ಬಿಡೋವಾಗ ಒಂದ್ ಹ್ಞೂಂ ಅನ್ನು. ನಾನ್ ಮಾತಾಡ್ತಿರ್ತೀನಿ."

ಈಗ ಬೆಳಿಗ್ಗೆ ನಾನು ಕಣ್ಣು ಮುಚ್ಚಿ ಕೂರುತ್ತೇನೆ. ಅತ್ತೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ತವರಿನ ಕಥೆ ಹೇಳುತ್ತಾರೆ. ಉಸಿರು ಒಳಗೆ. ಉಸಿರು ಹೊರಗೆ, ಹ್ಞೂಂ. ನಿನ್ನೆ ಅಂಗಡಿಯ ಯೋಚನೆ ನುಗ್ಗಿ ಒಂದು ಹ್ಞೂಂ ತಪ್ಪಿತು. ತಕ್ಷಣ ಪಕ್ಕೆಗೆ ಮೊಣಕೈ ತಿವಿತ ಬಿತ್ತು.

"ಎಲ್ಲೋದೆ ಇಂದೂ? ಧ್ಯಾನ ಎಲ್ಲೈತೆ ನಿಂದು?"