ಕೊಡದೆ ಉಳಿದ ಅಸಿಸ್ಟ್

ಎರಡು ಡ್ರಿಬಲ್ ಆಗಿತ್ತು, ನಿಜ. ಆದರೆ ಬೇರೆ ಯಾವಳೋ ಕೊಟ್ಟ ಪಾಸ್ ಆಗಿದ್ದರೆ ತಾನು ಎಣಿಸುತ್ತ ಕೂರುತ್ತಿದ್ದೆನೇ? ಅವನು ವಿಡಿಯೋವನ್ನು ಮತ್ತೆ ಹಿಂದಕ್ಕೆ ಎಳೆದ.

ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯ ಕೋಣೆ ಅದು. ಗಾಳಿ ಇಳಿದ ಚೆಂಡುಗಳ ಬಲೆಚೀಲ, ನೋವಿನ ಮುಲಾಮಿನ ವಾಸನೆ, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಮೇಜು. ವಾರದ ದಿನಗಳಲ್ಲಿ ಅವನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ಶನಿವಾರಗಳಂದು ಇಲ್ಲಿಗೆ ಬಂದು, ಮಹಿಳೆಯರ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗಿನ ಎರಡನೇ ಡಿವಿಷನ್ ಪಂದ್ಯಗಳ ಅಂಕಿಅಂಶ ಬರೆಯುತ್ತಿದ್ದ. ಬುಟ್ಟಿಗೆ ಚೆಂಡು ಬಿದ್ದದ್ದು ಎಲ್ಲರಿಗೂ ಕಾಣುತ್ತದೆ, ಅದರಲ್ಲಿ ತಕರಾರಿಲ್ಲ. ಅಸಿಸ್ಟ್ ಹಾಗಲ್ಲ. ಆ ಬುಟ್ಟಿಗೆ ದಾರಿ ಮಾಡಿಕೊಟ್ಟದ್ದು ಯಾರ ಪಾಸ್ ಎಂದು ಮೇಜಿನ ಹಿಂದೆ ಕೂತವನೇ ತೀರ್ಮಾನಿಸಬೇಕು. ಪಾಸ್ ಪಡೆದವಳು ಚೆಂಡನ್ನು ಒಂದೆರಡು ಸಲ ನೆಲಕ್ಕೆ ಬಡಿದು, ಅಂದರೆ ಡ್ರಿಬಲ್ ಮಾಡಿ, ಆಮೇಲೆ ಹಾಕಿದರೆ, ಕೊಡಬಹುದು, ಬಿಡಬಹುದು. ಅವನು ಎಲ್ಲರಿಗೂ ಕೊಡುತ್ತಿದ್ದ. ಒಬ್ಬಳಿಗೆ ಮಾತ್ರ ಕೊಡದೆ ಬಿಡುತ್ತಿದ್ದ. ಅವಳು ಅವನ ತಂಗಿ, ತಂಡದಲ್ಲಿ ಚೆಂಡು ಹಂಚುವ ಗಾರ್ಡ್.

ಯಾರಿಗೂ ಅನುಮಾನ ಬಂದಿರಲಿಲ್ಲ. ಬದಲಿಗೆ, ತಂಗಿಯೆಂದು ಸಲಿಗೆ ಕೊಡದವನೆಂಬ ಹೊಗಳಿಕೆ ಬಂತು. ಎಲ್ಲರೂ ಏಣಿ ಎಂದು ಕರೆಯುವ ಎತ್ತರದ, ಬುಟ್ಟಿಯ ಬಳಿ ಆಡುವ ಸೆಂಟರ್ ಹುಡುಗಿಯಂತೂ ಪ್ರತಿ ಪಂದ್ಯ ಮುಗಿದ ಮೇಲೂ ಹಾಸ್ಯ ಮಾಡುತ್ತಿದ್ದಳು. "ನಿಮ್ಮಣ್ಣನ ಹತ್ರ ಅಸಿಸ್ಟ್ ಕೇಳೋದಕ್ಕಿಂತ ಗೋಡೆ ಹತ್ರ ಕೇಳೋದು ವಾಸಿ ಕಣೇ. ಗೋಡೆ ಚೆಂಡನ್ನಾದ್ರೂ ವಾಪಸ್ ಕೊಡುತ್ತೆ."

"ಅಣ್ಣ ಶಿಸ್ತಿನ ಮನುಷ್ಯ," ಎಂದು ತಂಗಿ ನಗುತ್ತಿದ್ದಳು. ಆ ಮಾತಿನಲ್ಲಿ ಹೆಮ್ಮೆ ಇತ್ತು. ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಹಿತ್ತಲಲ್ಲಿ ಚೆಂಡು ಕೊಟ್ಟು ಕಲಿಸಿದವನು ಅವನೇ. ಎಡಕ್ಕೆ ನೋಡುತ್ತ ಬಲಕ್ಕೆ ಕೊಡುವುದು, ಸೊಂಟದ ಮಟ್ಟದಿಂದ, ಮಣಿಕಟ್ಟು ಮಾತ್ರ ಆಡಿಸಿ. ಅವನಿಗೆ ಅದನ್ನು ಪಳಗಿಸಲು ಮೂರು ವರ್ಷ ಹಿಡಿದಿತ್ತು. ಅವಳಿಗೆ ಒಂದು ಬೇಸಿಗೆ ಸಾಕಾಯಿತು. ಅವನು ಎರಡು ಸಲ ಆಯ್ಕೆಗೆ ಹೋಗಿ ಎರಡು ಸಲವೂ ಗೋಡೆಯ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿ, ಕಾಣದೆ ವಾಪಸಾಗಿದ್ದ. ಅವಳು ಮೊದಲ ಸಲವೇ ತಂಡಕ್ಕೆ ಬಂದಳು. ಅವತ್ತು ಅಮ್ಮ, "ಮನೇಲಿ ಒಬ್ರಾದ್ರೂ ಆಟಗಾರರಾದ್ರಲ್ಲ," ಎಂದು ಸಹಜವಾಗಿ ಅಂದಳು. ಆ "ಆದ್ರೂ" ಅವನ ಹೊಟ್ಟೆಯೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು.

ನಿನ್ನೆ ಶನಿವಾರ, ಸೀಸನ್ನಿನ ಕೊನೆಯ ಪಂದ್ಯ. ಅಸಿಸ್ಟ್ ಪಟ್ಟಿಯ ಮೊದಲ ಮೂವರಿಗೆ ಮೊದಲ ಡಿವಿಷನ್ನಿನ ಶಿಬಿರಕ್ಕೆ ಕರೆ ಬರುತ್ತದೆ. ತಂಗಿ ಮೂರನೆಯವಳ ಸಮಕ್ಕೆ ನಿಂತಿದ್ದಳು; ಚೆಂಡು ಕಳೆದುಕೊಂಡದ್ದು ಹೆಚ್ಚೆಂದು ನಾಲ್ಕನೆಯವಳಾಗಿದ್ದಳು. ಒಂದು ಅಸಿಸ್ಟ್ ಸಾಕು. ವಿಡಿಯೋ ನೋಡಿ ತಿದ್ದಲು ಸೋಮವಾರ ಮಧ್ಯಾಹ್ನದವರೆಗೆ ಅವಕಾಶವಿತ್ತು.

ಪರದೆಯ ಮೇಲೆ ತಂಗಿ ಎಡಕ್ಕೆ ನೋಡಿದಳು. ಚೆಂಡು ಬಲಕ್ಕೆ ಹೋಯಿತು. ಏಣಿ ಹಿಡಿದಳು, ಎರಡು ಸಲ ನೆಲಕ್ಕೆ ಬಡಿದು ಹಾಕಿದಳು. ಮಣಿಕಟ್ಟಿನ ಆ ಆಟ ಅವನದೇ. ಅವನದಾಗಿದ್ದೂ ಅವನಿಂದ ಎಂದೂ ಅಷ್ಟು ಚಂದವಾಗಿ ಬಂದಿರಲಿಲ್ಲ. ಅವಳು ಹೋಗುವುದೇ ಆದರೆ ತನ್ನ ಕೈಯಿಂದ ಹೋಗಲಿ ಎಂದುಕೊಂಡ. ಆಗ ಅದರಲ್ಲಿ ತನ್ನದೂ ಪಾಲಿರುತ್ತದೆ. ಆ ಅಸಿಸ್ಟನ್ನು ಅವಳ ಹೆಸರಿಗೆ ತಿದ್ದಿ ಕಳುಹಿಸಿದ.

ಸೋಮವಾರ ಸಂಜೆ ತಂಗಿಗೆ ಶಿಬಿರದ ಕರೆ ಬಂತು. ಅಭ್ಯಾಸದ ಹೊತ್ತಿನಲ್ಲಿ ಏಣಿ ಅಂಗಳದ ತುಂಬ ಕೇಳುವಂತೆ ಕೂಗಿದಳು. "ಅಂತೂ ಕಲ್ಲು ಕರಗಿತಪ್ಪಾ! ಅಣ್ಣ ಅಂದ್ರೆ ಹೀಗಿರಬೇಕು. ಸಮಯ ನೋಡಿ ಕೈ ಹಿಡಿದ್ರು!" ಎಲ್ಲರೂ ನಕ್ಕರು. ತಂಗಿ ನಗಲಿಲ್ಲ.

ಮನೆಗೆ ಬಂದವಳು ಶೂ ಬಿಚ್ಚದೆ ನೇರ ಅಡುಗೆಮನೆಗೆ ನಡೆದಳು. ಅವನು ಲೋಟ ತೊಳೆಯುತ್ತಿದ್ದ.

"ಅಣ್ಣಾ, ಅದು ಎರಡು ಡ್ರಿಬಲ್. ನಾನೂ ವಿಡಿಯೋ ನೋಡ್ದೆ."

"ಹ್ಞೂಂ."

"ಈ ಸೀಸನ್ ಪೂರ್ತಿ ಒಂದು ಡ್ರಿಬಲ್ ಬಿದ್ರೂ ನೀನು ನಂಗೆ ಕೊಟ್ಟಿಲ್ಲ. ಅದೇ ನಿಯಮ ಅಂದ್ಕೊಂಡಿದ್ದೆ."

"ಬೇರೆಯವ್ರದ್ದು ನೋಡಿದ್ಯಾ?"

"ನಾನ್ಯಾಕೆ ಅವ್ರದ್ದು ನೋಡ್ಲಿ? ನನ್ನ ಸಾಲು ನೋಡ್ಕೊಳ್ಳೋಕೇ ಹೊತ್ತು ಸಾಲಲ್ಲ." ಅವಳು ಬಾಗಿಲಿಗೆ ಒರಗಿ ನಿಂತಳು. "ಈಗ ಮಾತ್ರ ಯಾಕೆ? ಕನಿಕರ ಬಂತಾ?"

ನಲ್ಲಿಯ ನೀರು ಲೋಟ ತುಂಬಿ ಹೊರಕ್ಕೆ ಸುರಿಯುತ್ತಿತ್ತು.

"ನೋಡು, ನಂಗೆ ದೊಡ್ಡ ವಿವರಣೆ ಬೇಡ. ಅದು ನಿಜವಾಗ್ಲೂ ನಂದೇ ಆಗಿದ್ರೆ, ನಿಂದೇ ಕಣೇ ಅನ್ನು. ಅಷ್ಟೇ. ನಾಳೆನೇ ಬ್ಯಾಗ್ ಕಟ್ತೀನಿ."

ಒಂದೇ ಮಾತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಆಡಿದರೆ, "ಹಾಗಾದ್ರೆ ಕೊಡದೆ ಬಿಟ್ಟ ಮಿಕ್ಕವು?" ಎಂದು ಅವಳು ಕೇಳುತ್ತಾಳೆ. ಒಂದು ದಾರ ಎಳೆದರೆ ಇಡೀ ಸೀಸನ್ನೇ ಬಿಚ್ಚಿಕೊಳ್ಳುತ್ತದೆ. ಶಿಸ್ತಿನ ಮನುಷ್ಯನಾದ ಅಣ್ಣ ಈ ಅಡುಗೆಮನೆಯಲ್ಲೇ ಬೆತ್ತಲಾಗುತ್ತಾನೆ. ಅವನು ನಲ್ಲಿ ನಿಲ್ಲಿಸಿದ. ಲೋಟವನ್ನು ಬೋರಲು ಹಾಕಿದ. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿದ, ಒಣಗಿದ ಮೇಲೂ ಒರೆಸಿದ.

ಅವಳು ಕಾದಳು. ಆಮೇಲೆ ಫೋನ್ ತೆಗೆದು ತಂಡದ ಮ್ಯಾನೇಜರಿಗೆ ಕರೆ ಮಾಡಿದಳು. "ಮೇಡಂ, ಶಿಬಿರಕ್ಕೆ ನನ್ನ ಹೆಸರು ಬೇಡ. ಆ ಅಸಿಸ್ಟ್ ನಂದಲ್ಲ... ಇಲ್ಲ ಮೇಡಂ, ಯೋಚನೆ ಮಾಡೇ ಹೇಳ್ತಿದೀನಿ. ಮೊದ್ಲು ಮೂರನೆಯವಳಾಗಿದ್ದವಳನ್ನೇ ಕಳ್ಸಿ."

ಫೋನ್ ಇಟ್ಟು ಬಂದು ಅವನ ಭುಜ ಮುಟ್ಟಿದಳು. "ಬೇಜಾರು ಮಾಡ್ಕೋಬೇಡ. ಪ್ರೀತಿಗೆ ಮಾಡಿದ್ದೀಯ, ಗೊತ್ತಾಗುತ್ತೆ. ಆದ್ರೆ ದಾನವಾಗಿ ಸಿಕ್ಕಿದ್ದನ್ನ ಇಟ್ಕೊಂಡು ನಾನು ಅಲ್ಲಿ ಹೇಗೆ ಆಡ್ಲಿ?"

ಅವಳು ಇಲ್ಲೇ ಉಳಿಯುತ್ತಾಳೆ ಎಂಬುದು ಆ ಕ್ಷಣವೇ ಅವನಿಗೆ ಹೊಳೆಯಿತು. ಎದೆಯೊಳಗೆ ಏನೋ ತಂಪಾಯಿತು. ಅದು ಪಶ್ಚಾತ್ತಾಪವಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

ಮುಂದಿನ ಸೀಸನ್ನಿನಲ್ಲಿ ಅವನು ಆ ಮೇಜಿಗೆ ಹೋಗಲಿಲ್ಲ. ಪ್ರಯೋಗಾಲಯದಲ್ಲಿ ಕೆಲಸ ಹೆಚ್ಚು ಎಂದ. ಅವಳು ಎರಡನೇ ಡಿವಿಷನ್ನಿನಲ್ಲೇ ಇನ್ನೂ ಆರು ವರ್ಷ ಆಡಿದಳು. ಆ ಪಾಸ್ ಅವಳದೇ ಆಗಿತ್ತೆಂದು, ಅಂಥ ಇನ್ನೂ ಹದಿನಾಲ್ಕನ್ನು ಹೊಟ್ಟೆಕಿಚ್ಚಿಗೆ ತಾನು ಬರೆಯದೆ ಬಿಟ್ಟಿದ್ದೆನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.