ಸೇದದವಳ ಶ್ವಾಸಕೋಶ

ಅಮ್ಮ, ಅಕ್ಕ, ತಂಗಿ ಮೂವರೂ ಎದುರು ಕೂತಿದ್ದರು. ಡಾಕ್ಟರು ಪರದೆಯ ಮೇಲೆ ತಂಗಿಯ ಶ್ವಾಸಕೋಶದ ಸ್ಕ್ಯಾನ್ ತೋರಿಸಿದರು. ಮೇಲ್ಭಾಗದ ತುಂಬ ಕಪ್ಪು ಕಪ್ಪು ತೂತು, ಒಂದರಂತೆ ಇನ್ನೊಂದಿಲ್ಲ. ಗಾಳಿ ತುಂಬಿದ ಗುಳ್ಳೆಗಳಂತೆ. ಹೋದ ತಿಂಗಳು ಅಂಥದ್ದೇ ಒಂದು ಒಡೆದು ಎಡಗಡೆಯ ಶ್ವಾಸಕೋಶ ಕುಸಿದಿತ್ತು. ಈಗಲೂ ಮನೆ ಪಕ್ಕದ ಇಸ್ತ್ರಿ ಅಂಗಡಿಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ತಂಗಿಗೆ ಏದುಸಿರು.

"ಸಿಗರೇಟು ಸೇದ್ತೀರೇನಮ್ಮ?"

"ಛೀ! ನಮ್ಮನೆ ಹೆಣ್ಮಕ್ಕಳು ಅಂಥವರಲ್ಲ ಡಾಕ್ಟ್ರೇ." ಕೇಳಿದ್ದು ಮಗಳನ್ನಾದರೂ ಉತ್ತರ ಅಮ್ಮನ ನಾಲಿಗೆ ತುದಿಯಲ್ಲೇ ಇತ್ತು. ತಂಗಿ ತಲೆ ತಗ್ಗಿಸಿದಳು. ಅಕ್ಕ ಬ್ಯಾಗಿನ ಜಿಪ್ ಎಳೆದಳು, ಮತ್ತೆ ಹಾಕಿದಳು.

"ಹಾಗಾದ್ರೆ ಇದು ಬೇರೆ ಇರಬಹುದು. ಹೆಚ್ಚಾಗಿ ಹೆಂಗಸರಿಗೇ ಬರೋ ಅಪರೂಪದ ಕಾಯಿಲೆ ಒಂದಿದೆ. ಖಚಿತ ಆಗ್ಬೇಕಂದ್ರೆ ಎದೆ ಪಕ್ಕ ಕೊಯ್ದು, ಚೂರು ತೆಗೆದು ನೋಡ್ಬೇಕಾಗುತ್ತೆ."

ತಂಗಿಗೆ ಮೊದಲ ಸಿಗರೇಟು ಹಚ್ಚಿಕೊಟ್ಟವಳು ಅಕ್ಕನೇ, ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದ ಹುಡುಗಿಯನ್ನು "ಹಾಲು ಕುಡಿಯೋ ಮಗು" ಎಂದು ಗೇಲಿ ಬೇರೆ ಮಾಡಿದ್ದಳು. ಆಮೇಲೆ ಮದುವೆಯಾಯಿತು, ಅಕ್ಕ ಸೇದುವುದನ್ನು ಬಿಟ್ಟಳು. ತಂಗಿಯದು ನಡೆದೇ ಇತ್ತು. ಅದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದುಬಿಟ್ಟಿದ್ದಳು. ಈಗ ಬಾಯಿಬಿಟ್ಟರೆ ಅಮ್ಮನ ಮುಂದೆ ಇಬ್ಬರ ಮಾನವೂ ಮೂರು ಕಾಸಿಗೆ ಹರಾಜು. ಬಾಯಿಬಿಡದಿದ್ದರೆ ತಂಗಿಯ ಎದೆಗೆ ಕತ್ತಿ. ಇದಕ್ಕೂ ಯೋಚಿಸುತ್ತಾ ಕೂತಳಲ್ಲ, ಏನನ್ನಬೇಕು ಇವಳಿಗೆ!

"ಸೇದ್ತಾಳೆ," ಎಂದಳು ಕೊನೆಗೆ. "ಕಲಿಸಿದ್ದು ನಾನು."

ಡಾಕ್ಟರು ಪರದೆಯತ್ತ ಬಾಗಿ ಇನ್ನೊಮ್ಮೆ ನೋಡಿದರು.

"ಮೊದಲೇ ಹೇಳೋದಲ್ವಾ? ಸೇದೋರಿಗೆ ಬರೋ ಗುಳ್ಳೆ ಕಾಯಿಲೆ ಹೀಗೇ ಕಾಣುತ್ತೆ. ಸದ್ಯಕ್ಕೆ ಕೊಯ್ಯೋದು ಬೇಡ. ಸಿಗರೇಟು ಪೂರ್ತಿ ಬಿಡ್ಬೇಕು, ಅದೇ ಮೊದಲ ಔಷಧಿ. ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್ ಮಾಡೋಣ. ಬಿಟ್ಟ ಮೇಲೆ ಎಷ್ಟೋ ಜನಕ್ಕೆ ಕಮ್ಮಿಯಾಗಿದೆ. ಆದರೆ ಆಗಿಹೋದ ತೂತೆಲ್ಲ ಮುಚ್ಚುತ್ತೆ ಅಂತ ಮಾತು ಕೊಡಲಾರೆ."

ಹೊರಗೆ ಬಂದಾಗ ಅಮ್ಮ ಹಿಂತಿರುಗಿಯೂ ನೋಡದೆ ಮುಂದೆ ನಡೆದಳು. ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

"ಬೈಯೇ ನನ್ನ. ನಾನೇ ನಿನ್ನ ಹಾಳು ಮಾಡಿದ್ದು."

ತಂಗಿ ಗೋಡೆಗೊರಗಿ ಉಸಿರು ಹಿಡಿತಕ್ಕೆ ತಂದುಕೊಂಡಳು.

"ಕಲಿಸಿದ್ದಕ್ಕೆ ಯಾಕೆ ಬೈಲಿ? ಬೇಡ ಅನ್ನೋಕೆ ನಂಗೂ ಬಾಯಿತ್ತು. ಆದ್ರೆ ನೀನು ಬಿಟ್ಯಲ್ಲ ಅಕ್ಕಾ, ಆವಾಗ 'ಬಾ, ಇಬ್ರೂ ಬಿಡೋಣ' ಅಂತ ನನ್ನ ಯಾಕೆ ಕರೀಲಿಲ್ಲ?"

ಅಂಥದ್ದೊಂದು ಯೋಚನೆ ಅವತ್ತು ಅಕ್ಕನ ತಲೆಗೇ ಬಂದಿರಲಿಲ್ಲ.