ಜ್ಯೋತಿಯ ಕ್ಯಾಸೆಟ್ಟು

ಶೈಲಶ್ರೀಗೆ ಅಕ್ಕನ ಮುಖ ಅಷ್ಟಾಗಿ ನೆನಪಿಲ್ಲ, ದನಿ ಮಾತ್ರ ಬಾಯಿಪಾಠ. ಜ್ಯೋತಿ ಮೂರು ದಿನದ ಜ್ವರದಲ್ಲಿ ಹೋದಾಗ ಅವಳಿಗೆ ಹನ್ನೆರಡು ವರ್ಷ, ಶೈಲಶ್ರೀಗೆ ಆರು. ಆಮೇಲೆ ಮೂವತ್ನಾಲ್ಕು ವರ್ಷ, ದಾಂಡೇಲಿಯ ಅಂಬೇವಾಡಿಯ ಆ ಎರಡು ಖೋಲಿಯ ಮನೆಯಲ್ಲಿ ಜ್ಯೋತಿ ಇದ್ದದ್ದು ಒಂದು ಕ್ಯಾಸೆಟ್ಟಿನೊಳಗೆ. ಅದರಲ್ಲಿದ್ದದ್ದು ನಾಲ್ಕೇ ನಿಮಿಷದ ಒಂದು ಭಜನೆಯ ಪದ, ಜೊತೆಗೆ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ದನಿ.

ಅಪ್ಪ ಮಹಾಂತಪ್ಪ ಕಾಗದದ ಕಾರ್ಖಾನೆಯಲ್ಲಿ ಪಾಳಿ ದುಡಿಯುತ್ತ, ಬಿಡುವಿನಲ್ಲಿ ಪೇಟಿ ಕಲಿಸುತ್ತಿದ್ದವನು. ಜ್ವರ ಬರುವ ಹಿಂದಿನ ವಾರ ಜ್ಯೋತಿ ಅವನ ಕಿವಿಯಲ್ಲಿ, ‘ಅಪ್ಪಾ, ನಾನ ಪೇಟಿ ಬಾರಿಸಿ ಒಂದು ಹಾಡು ಕ್ಯಾಸೆಟ್ಟಿನ್ಯಾಗ ತುಂಬೇನಿ, ಐತವಾರ ಕೇಳೂಣು’ ಅಂದಿದ್ದಳಂತೆ. ಆ ಐತವಾರ ಅವಳೇ ಇರಲಿಲ್ಲ. ಹನ್ನೊಂದನೆಯ ದಿನ ಅಪ್ಪ ಟೇಪು ಹಚ್ಚಿದ. ಎಳೆಯ, ತೆಳ್ಳಗಿನ, ಮೇಲುಸುರದ ದನಿ ಮನೆ ತುಂಬಿತು. ಅಂದಿನಿಂದ ಪ್ರತಿ ವರ್ಷ ಅವಳು ಹೋದ ದಿನ ಹಳಿಯಾಳದಿಂದ ಚನಬಸಪ್ಪ ಕಾಕಾ ಬರುತ್ತಾನೆ, ಪೇಟಿಗೆ ಹೂವಿನ ಮಾಲೆ ಬೀಳುತ್ತದೆ, ಊದುಬತ್ತಿ ಹಚ್ಚಿ ಟೇಪು ಹಾಕುತ್ತಾರೆ. ಹಾಡು ಶುರುವಾಗುತ್ತಲೇ ಅಪ್ಪ ಕಣ್ಣು ಮುಚ್ಚಿ, ‘ಬಂದ್ಳು’ ಅನ್ನುತ್ತಿದ್ದ. ಸಣ್ಣವಳಿದ್ದಾಗ ಶೈಲಶ್ರೀ ಆ ಒಂದು ಮಾತಿಗೆ ಹೆದರಿ ಬಾಗಿಲ ಕಡೆ ನೋಡುತ್ತಿದ್ದಳು. ಪೇಟಿಯ ಹಿಂದೆ ಯಾರೋ ಕೂತಿದ್ದಾರೆಂಬ ಭಾವ ಅವಳಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಸತ್ತ ಅಕ್ಕನ ಜೊತೆ ಪೈಪೋಟಿಗೆ ಇಳಿಸಿದರೆ ಯಾವ ತಂಗಿ ಗೆದ್ದಾಳು? ಹತ್ತು ತುಂಬಿದ ಮೇಲೆ ಅವಳಿಗೆ ದಿನಾ ಪಾಠ ಆ ಕ್ಯಾಸೆಟ್ಟಿನದೇ. ಅಪ್ಪ ಟೇಪು ಹಾಕಿ, ‘ಆ ಸುರಕ್ಕ ಮುಟ್ಟು’ ಅನ್ನುವವನು. ಆ ಸುರ ಪೇಟಿಯ ಯಾವ ಪಟ್ಟಿಗೂ ಕೂಡುತ್ತಿರಲಿಲ್ಲ, ಎರಡು ಪಟ್ಟಿಗಳ ಸಂದಿಯಲ್ಲೆಲ್ಲೋ ನಿಲ್ಲುತ್ತಿತ್ತು. ಕೇಳಿದರೆ, ‘ಹಳೇ ಟೇಪು ಹಂಗ’ ಎಂದು ಅಪ್ಪ ಮೇಲಿನ ಪಟ್ಟಿ ಒತ್ತುವವನು. ಹುಡುಗಿ ಗಂಟಲು ಹರಿದುಕೊಂಡು ಹಾಡಿದಳು. ಇಪ್ಪತ್ತೆರಡಕ್ಕೆ ಗಂಟಲಲ್ಲಿ ಗಂಟಾಯಿತು, ಧಾರವಾಡದ ಡಾಕ್ಟರು ಇನ್ನು ಹಾಡಬೇಡ ಅಂದರು. ಅವ್ವ ಕೆಂಚವ್ವ ಅವತ್ತು ಮೂಲೆ ಹಿಡಿದು ಅತ್ತಳು, ಮಾತು ಮಾತ್ರ ಆಡಲಿಲ್ಲ.

ಈಗ ಶೈಲಶ್ರೀ ಸಂಗೀತದ ಟೀಚರ್, ಆದರೆ ಹಾಡದ ಟೀಚರ್. ಪೇಟಿ ಬಾರಿಸುತ್ತಾಳೆ, ತಾನಪುರದ ಶ್ರುತಿ ಫೋನಿನಿಂದ ಬರುತ್ತದೆ, ಸರಗಮ್ ಹಾಡಿ ತೋರಿಸುವ ಕಡೆಯೂ ಫೋನಿನ ಆ್ಯಪೇ ಹಾಡುತ್ತದೆ. ಮಕ್ಕಳು ತಪ್ಪು ಸುರ ಹಿಡಿದರೆ ಪರದೆಯ ಮೇಲೆ ಕೆಂಪು ಗೆರೆ ಬರುತ್ತದೆ. ಇದನ್ನೆಲ್ಲ ಅವಳಿಗೆ ಕಲಿಸಿದವನು ಬಂದೇನವಾಜ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಮೈಕ್‌ಸೆಟ್ಟಿನ ಅಂಗಡಿ, ಮದುವೆಗಳಲ್ಲಿ ಕೀಬೋರ್ಡೂ ನುಡಿಸುತ್ತಾನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಸಂಗೀತ ಶಿಕ್ಷಕರಿಗೆಲ್ಲ ಅವನದೇ ಒಂದು ವಾಟ್ಸಾಪ್ ಗುಂಪು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಆ ವಾರ ಹೊಸದಾಗಿ ಏನು ಬಂದಿದೆ, ಯಾವುದು ಪುಕ್ಕಟೆ, ಯಾವುದು ಮೋಸ ಎಂದು ಬರೆದು ಹಾಕುತ್ತಾನೆ. ಹಳೇ ಟೇಪಿನ ಗರಗರ ತೆಗೆದು, ಹಾಡಿದವರ ದನಿಯನ್ನೂ ವಾದ್ಯವನ್ನೂ ಬೇರೆ ಬೇರೆ ಮಾಡಿಕೊಡುವ ತಂತ್ರಾಂಶದ ಸುದ್ದಿ ಬಂದದ್ದೂ ಹಾಗೇ.

ಕ್ಯಾಸೆಟ್ಟಿಗೆ ಆಗಲೇ ಬೂಸು ಹಿಡಿದಿತ್ತು. ಹೋದ ವರ್ಷ ಎರಡು ಕಡೆ ದನಿ ನುಂಗಿತ್ತು. ಅಪ್ಪ ತೀರಿಕೊಂಡು ಎಂಟು ವರ್ಷ, ಅವ್ವನಿಗೆ ಎಪ್ಪತ್ತೆರಡು. ಈ ವರ್ಷ ಉಳಿಸದಿದ್ದರೆ ಜ್ಯೋತಿ ಎರಡನೇ ಸಲ ಸಾಯುತ್ತಾಳೆ ಎಂದು ಶೈಲಶ್ರೀಗೆ ಅನ್ನಿಸಿತು. ಯಾವ ದನಿಗಾಗಿ ತನ್ನ ದನಿ ಹೋಯಿತೋ ಅದನ್ನು ಅವಳು ದ್ವೇಷಿಸಬೇಕಿತ್ತು. ಆದರೆ ಅವಳಿಗೆ ಆ ದನಿ ಬೇಕಿತ್ತು. ಅದಾದರೂ ಚೆಂದಾಗಿ ಉಳಿದರೆ ತಾನು ಕಳಕೊಂಡದ್ದಕ್ಕೊಂದು ಅರ್ಥ ಇರುತ್ತದಲ್ಲ.

ಬಂದೇನವಾಜ ಟೇಪನ್ನು ಬೆರಳಲ್ಲಿ ಬಿಡಿಸಿ, ಒರೆಸಿ, ಹೊಸ ಡಬ್ಬಿಗೆ ಸುತ್ತಿ ಕಂಪ್ಯೂಟರಿಗೆ ತುಂಬಿದ. ಎರಡು ದಿನದ ಮೇಲೆ ಕರೆದು ಅವಳ ಕಿವಿಗೆ ಹೆಡ್‌ಫೋನು ಹಾಕಿದ. ಗರಗರ ಹೋಗಿತ್ತು, ಪೇಟಿಯೂ ಹೋಗಿತ್ತು. ಅಕ್ಕ ಒಬ್ಬಳೇ, ಕಿವಿಗೆ ಬಾಯಿ ಹಚ್ಚಿದಷ್ಟು ಹತ್ತಿರ. ಸಾಲುಗಳ ನಡುವೆ ಅವಳು ಉಸಿರು ತಗೊಳ್ಳುವುದೂ ಕೇಳಿತು.

‘ಅಕ್ಕಾರ, ಒಂದು ಮಾತು,’ ಅಂದ ಬಂದೇನವಾಜ. ‘ಪೇಟಿ ಅಷ್ಟ ಬ್ಯಾರೆ ತಗದು ನೋಡಿದೆ. ಈ ಸುರದಾಗ ಯಾ ಪೇಟಿನೂ ಇರೂದಿಲ್ರಿ. ಟೇಪ್ ಓಡೂದ್ರಾಗ ತಪ್ಪೈತಿ. ತುಂಬೂ ಮುಂದ ಸೆಲ್ಲಿನ ಜೀವ ಹೋಗಿದ್ರ ಟೇಪ್ ಸಾವಕಾಶ ತಿರಗತೈತಿ. ಆಮ್ಯಾಲ ಕರೆಂಟಿನ ಮ್ಯಾಲ ಹಚ್ಚಿದ್ರ ಜೋರ ಓಡತೈತಿ, ದನಿ ಸಣ್ಣ ಆಕ್ಕೈತಿ.’

‘ಅದನ್ನ ಸರಿ ಮಾಡಾಕ ಬರತೈತೇನು?’

‘ಅದ ಪೇಟಿ ನಿಮ್ಮನ್ಯಾಗ ಐತೆಲ್ರಿ. ದನಿ, ಪೇಟಿ ಎರಡೂ ಕೂಡಿಸಿ ನಿಮ್ಮ ಫೋನಿಗೆ ಹಾಕಿ ಕೊಡ್ತೇನಿ. ಈ ಗುಂಡಿ ಎಡಕ್ಕ ಸರಸ್ಕೋತ ಹೋಗ್ರಿ, ಟೇಪಿನ ಪೇಟಿ ಮನಿ ಪೇಟಿಗೆ ಕೂಡಿದಲ್ಲೆ ಬಿಡ್ರಿ. ಅದ ಖರೇ ದನಿ.’

ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಶೈಲಶ್ರೀ ಪೇಟಿ ಮುಂದಿಟ್ಟುಕೊಂಡಳು. ಅಪ್ಪನ ಆ ಪೇಟಿಗೊಂದು ಖೋಡಿ ಇದೆ: ಒಂದು ಕರಿ ಪಟ್ಟಿ ಒತ್ತಿದರೆ ಒಳಗೆ ಜೇನುಹುಳ ಸಿಕ್ಕಂತೆ ಗುಂಯ್ ಅನ್ನುತ್ತದೆ. ಟೇಪಿನಲ್ಲೂ ಆ ಗುಂಯ್ ಇದೆ, ಆದರೆ ಬಹಳ ಮೇಲೆ. ಅವಳು ಆ ಪಟ್ಟಿ ಒತ್ತಿ ಏಳದಂತೆ ಕಡ್ಡಿ ಸಿಗಿಸಿಟ್ಟು, ಎಡಗೈಯಲ್ಲಿ ಬಾತಿ ಒತ್ತಿ ಗಾಳಿ ಹಾಕುತ್ತ, ಬಲಗೈ ಬೆರಳಿನಿಂದ ಫೋನಿನ ಗುಂಡಿ ಸರಿಸತೊಡಗಿದಳು.

ಬೆರಳಿನ ಕೆಳಗೆ ಅಕ್ಕ ದೊಡ್ಡವಳಾಗತೊಡಗಿದಳು. ಹನ್ನೆರಡರ ಹುಡುಗಿ ಹದಿನೈದಕ್ಕೆ ಬಂದಳು, ದನಿಗೆ ಮೈ ಬಂತು. ಇನ್ನಷ್ಟು ಸರಿಸಿದರೆ ಇಪ್ಪತ್ತರವಳು, ಮದುವೆಯಾದವಳು, ಮಕ್ಕಳ ತಾಯಿ. ಜ್ಯೋತಿ ಬದುಕದೇ ಹೋದ ವರ್ಷಗಳೆಲ್ಲ ಒಂದೊಂದಾಗಿ ಆ ದನಿಯಲ್ಲಿ ತುಂಬಿಕೊಂಡವು. ಶೈಲಶ್ರೀಗೆ ಹೆದರಿಕೆಯಾಯಿತು, ಕೈ ತೆಗೆಯಲಾಗಲಿಲ್ಲ. ಎರಡೂ ಗುಂಯ್‌ಗಳು ಕೂಡಿ ಒಂದಾದಾಗ ಅವಳು ಬೆರಳು ಎತ್ತಿದಳು. ಈಗ ಹಾಡುತ್ತಿದ್ದದ್ದು ಸುಮಾರು ನಲವತ್ತರ ಹೆಂಗಸು. ದಪ್ಪನೆಯ, ತುಂಬಿದ, ಕೆಳಸುರದ ಆ ದನಿ ಎಲ್ಲೂ ತಡವರಿಸದೆ ಹಾಡುತ್ತಿತ್ತು. ಆ ದನಿ ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಚಹಾಕ್ಕೆ ಕರೆಯುವ ದನಿ ಅದು.

ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಮೊರ ಕೈಯಲ್ಲೇ ಇತ್ತು, ಅಕ್ಕಿ ಕೆಳಗೆ ಚೆಲ್ಲಿತ್ತು. ತನ್ನದೇ ದನಿ ಕೇಳಿ ಅಷ್ಟು ಅಂಜಿದವರನ್ನು ಶೈಲಶ್ರೀ ಎಂದೂ ಕಂಡಿರಲಿಲ್ಲ.

‘ಬಂದ್ ಮಾಡು ಶೈಲಾ,’ ಅಂದಳು.

‘ಅವ್ವ, ಇದು ನೀನು.’

ಕೆಂಚವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಚೆಲ್ಲಿದ ಅಕ್ಕಿ ಬಳಿಯುತ್ತ ಬಾಯಿ ಬಿಟ್ಟಳು. ‘ನಮ್ಮತ್ತಿ ಸೊಸಿ ಪೇಟಿ ಮುಟ್ಟಬಾರದು ಅಂತಿದ್ಲು. ನಿಮ್ಮಪ್ಪ ಕಲಸೂದನ್ನ ಅಡಗಿಮನ್ಯಾಗಿಂದ ಕೇಳಿ ಕೇಳಿ ಕಲತಿದ್ದೆ. ಜ್ಯೋತಿಗೆ ಜ್ವರ ಬರೂ ಮುಂಚೆ ಒಂದಿನ ಅತ್ತಿ ಹಳಿಯಾಳಕ್ಕ ಹೋಗಿದ್ಲು, ನಿಮ್ಮಪ್ಪ ಪಾಳಿಗೆ ಹೋಗಿದ್ದ. ನನ್ನ ದನಿ ಹೆಂಗೈತಿ ನೋಡೂಣಂತ ಆಸೆ ಆತು. ಕರೆಂಟ್ ಇದ್ದಿದ್ದಿಲ್ಲ, ಸೆಲ್ ಮ್ಯಾಲ ಹಚ್ಚಿದೆ. ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದೆ.’

ಅಂಬಿಕಾನಗರದಲ್ಲಿ ಕಾಳಿ ಹೊಳೆಯ ನೀರಿನಿಂದ ನಾಡಿಗೆಲ್ಲ ಕರೆಂಟು ಹೋಗುತ್ತದೆ, ಹತ್ತಿರದ ಅಂಬೇವಾಡಿಗೆ ಅವತ್ತು ಅದು ಇರಲಿಲ್ಲ. ಇದ್ದಿದ್ದರೆ ಈ ಕತೆಯೇ ಇಲ್ಲ.

‘ಅದರಾಗ ಜ್ಯೋತಿ ತುಂಬಿದ್ಲು ಅಂತ ನನಗ ಗೊತ್ತಿದ್ದಿಲ್ಲ,’ ಅಂದಳು ಕೆಂಚವ್ವ. ‘ಅಕಿ ಅಪ್ಪಗಷ್ಟ ಹೇಳಿದ್ಲು. ಹನ್ನೊಂದನೇ ದಿನ ನಿಮ್ಮಪ್ಪ ಹಚ್ಚಿದಾಗ ತಿಳೀತು, ಮಗಳ ದನಿ ಮ್ಯಾಲ ನನ್ನ ದನಿ ಬಳದೇನಿ ಅಂತ. ಇದ್ದದ್ದೊಂದನ್ನ ನಾನ ಅಳಿಸಿದ್ದೆ. ಅಂವ ಜ್ಯೋತಿ ಅಂತ ಅಳಾಕ್ಹತ್ತಿದ್ದ. ಹೆಂಗ ಹೇಳ್ಲಿ?’

ಆಮೇಲೆ ಅವಳು ಹಾಡೇ ಇಲ್ಲ. ಹಬ್ಬದ ಆರತಿ ಪದಕ್ಕೂ ತುಟಿ ಅಲ್ಲಾಡಿಸಿ ಸುಮ್ಮನಿರುತ್ತಿದ್ದಳು. ಹಾಡಿದರೆ ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆ.

ಶೈಲಶ್ರೀಗೆ ಮೊದಲು ಬಂದದ್ದು ಸಿಟ್ಟು. ಇರದ ಹುಡುಗಿಯ, ಯಾರೂ ಎಂದೂ ಹಾಡದ ಸುರ ಮುಟ್ಟಲು ಹನ್ನೆರಡು ವರ್ಷ ಗಂಟಲು ಕಿತ್ತುಕೊಂಡದ್ದು ಅವಳು. ಅವ್ವ ಅಡುಗೆಮನೆಯಲ್ಲಿ ಕೂತು ದಿನಾ ಅದನ್ನು ಕೇಳಿದ್ದಳು.

‘ನನ್ನ ಗಂಟಲಾ ಹೋಗೂದ ಕೇಳ್ಕೋತ ಕುಂತಿದ್ದೇನವ್ವ?’

‘ಹೌದು,’ ಅಂದಳು ಕೆಂಚವ್ವ. ಅಷ್ಟೇ ಅಂದಳು.

ಐದು ದಿನ ಅವರಿಬ್ಬರು ಒಂದೇ ಮನೆಯಲ್ಲಿ ಮುಖ ತಪ್ಪಿಸಿ ಓಡಾಡಿದರು. ಶೈಲಶ್ರೀ ಕೆಲಸವಿಲ್ಲದೆ ಪೇಟಿಯ ಹತ್ತಿರ ಹೋಗಲಿಲ್ಲ. ಅದರ ಹಿಂದೆ ಯಾರೂ ಕೂತಿರಲಿಲ್ಲವೆಂದು ಗೊತ್ತಾದ ಮೇಲೆ ಆ ಜಾಗ ಇನ್ನೂ ಭಯಂಕರವಾಗಿ ಕಂಡಿತು. ಸತ್ತ ಮೇಲೆ ಅಕ್ಕ ಈ ಮನೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ.

ಜ್ಯೋತಿಯ ದಿನ ಚನಬಸಪ್ಪ ಕಾಕಾ ಹಳಿಯಾಳದ ಬಸ್ಸಿಳಿದು ಬಂದ. ಮಹಾಂತಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ಈಗ ಊರುಗೋಲಿನ ಮುದುಕ. ಹುಗ್ಗಿಯ ಎಡೆಯಾಯಿತು, ಊದುಬತ್ತಿ ಹಚ್ಚಿದ್ದಾಯಿತು. ಶೈಲಶ್ರೀಯ ಫೋನಿನಲ್ಲಿ ಎರಡೂ ಇದ್ದವು: ಎಳೆಯ ದನಿಯದು, ಖರೆಯದು. ಅವಳ ಬೆರಳು ಎಳೆಯದರ ಮೇಲೇ ಹೋಯಿತು. ಮುದುಕನಿಗಾದರೂ ಜ್ಯೋತಿ ಇರಲಿ ಅಂದುಕೊಂಡಳು.

‘ಅದಲ್ಲ. ಇನ್ನೊಂದು ಹಚ್ಚು,’ ಅಂದಳು ಕೆಂಚವ್ವ.

ಖರೆಯ ದನಿ ಹಾಡಿತು. ಕಾಕಾ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡು, ‘ಜ್ಯೋತಿ ಹಾಡು ನಾನ ಅಳಿಸೇನ್ರಿ. ಇದು ನಾನು,’ ಅಂದಳು.

ಕಾಕಾನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ‘ಅಣ್ಣಗ ಗೊತ್ತಿತ್ತು ವೈನಿ,’ ಅಂದ.

ಇಬ್ಬರೂ ಅವನತ್ತ ನೋಡಿದರು.

‘ಅವನ ಪೇಟಿ ಅವಗ ತಿಳೀದಂಗ ಇರತೈತೇನು? ಮೊದಲನೇ ದಿನ ಕಣ್ಣೀರ ಹಾಕಿದ್ದು ಖರೆ, ಜ್ಯೋತಿ ಅಂತನ ಹಾಕಿದ್ದ. ಆ ವಾರದಾಗ ಪೇಟಿ ಸುರಾ ಮ್ಯಾಲ ಹೋಗಿದ್ದು ಕಂಡು, ಹಳೇ ಸೆಲ್ ಮ್ಯಾಲ ಸಾವಕಾಶ ಓಡಿಸಿ ಕೇಳಿದ, ನಿಮ್ಮ ದನಿ ಅಂತ ತಿಳೀತು. ನನ್ನ ಮುಂದ ಅಂದ, ಕೆಂಚಿ ಮುಂದ ಬಾಯಿ ಬಿಡಬ್ಯಾಡ, ಮಗಳ ದನಿ ತಾನ ಅಳಿಸಿದೆ ಅಂತ ಎಲ್ಲಾರ ಮುಂದ ಆತಂದ್ರ ಹೊಳಿಗೆ ಹಾರತಾಳ ಅಂತ.’

ಐದು ದಿನ ಅವ್ವನ ಮೇಲೆ ಹೊತ್ತ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೋ ಶೈಲಶ್ರೀಗೆ ತಿಳಿಯಲಿಲ್ಲ.

‘ಹಂಗಾದ್ರ ನನ್ನ ಕಡಿಂದ ಯಾಕ ಆ ಸುರಕ್ಕ ಹಾಡಿಸಿದ, ಕಾಕಾ?’

ಮುದುಕ ಕೋಲಿನ ತುದಿ ನೋಡುತ್ತ ಹೇಳಿದ. ‘ಅದನ್ನ ನಾನೂ ಕೇಳಿದ್ದೆ ತಂಗಿ. ಹೆಣ್ಣುಹುಡುಗಿ ಒಬ್ಬಾಕಿ ಆ ಸುರ ಮುಟ್ಟಿದ್ರ, ಟೇಪಿನ್ಯಾಗ ಇರಾಕಿ ಜ್ಯೋತಿನ ಅಂತ ನಂಬಾಕ ಬರತೈತಿ ಅಂದ. ನಿನ್ನ ಗಂಟಲಾ ಹೋದ ಮ್ಯಾಲ ಅಂವ ಅದರ ಸುದ್ದಿ ತಗೀಲಿಲ್ಲ.’

ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ನೋವಾಗಬಾರದೆಂದು ಒಂದೇ ಸುಳ್ಳನ್ನು ಎರಡೂ ಕಡೆಯಿಂದ ಹಿಡಿದುಕೊಂಡಿದ್ದರು, ನಡುವೆ ತಾನು ಹಾಡುತ್ತಿದ್ದೆ ಎಂದು ಶೈಲಶ್ರೀಗೆ ಕಂಡಿತು. ಅವಳಿಗೆ ಅಳು ಬರಲಿಲ್ಲ. ಅಪ್ಪನನ್ನು ಎಬ್ಬಿಸಿ ಕೇಳಬೇಕೆನ್ನಿಸಿತು, ಅದು ಆಗುವ ಮಾತಲ್ಲ.

ಕೆಂಚವ್ವ ಎದ್ದು ಬಂದು ಮಗಳ ಎದುರು ಕೂತಳು. ಕೈ ಚಾಚಿ, ಸಣ್ಣ ಕೂಸಿಗೆ ಮುಟ್ಟಿದ ಹಾಗೆ, ಅವಳ ಗಂಟಲನ್ನು ಮುಟ್ಟಿದಳು. ಆದರೆ ಮಾತಾಡಿದ್ದು ತೀರಿಹೋದ ಗಂಡನ ಜೊತೆ.

‘ನನಗೊಂದು ಮಾತು ಹೇಳಬೇಕಿತ್ತಲ್ಲ,’ ಅಂದಳು. ‘ಹೇಳಿದ್ದರ ನಾ ಹೊಳಿಗೆ ಹಾರತಿದ್ದಿಲ್ಲ. ಇಕಿಗೆ ನನ್ನ ಸುರದಾಗ ನಾನ ಹಾಡು ಕಲಸ್ತಿದ್ದೆ.’